ವರಹದ ಹಿಂಬದಿ

ನಮ್ಮ ಮನೆತನದ ಗಂಡಸರು ಶಿವನ ಮುಖವನ್ನು ನೆಕ್ಕಿ ತಿಂದವರು. ಇದು ಬೈಗುಳವಲ್ಲ, ನಡೆದುಬಂದ ಸಂಗತಿ. ಕೊಟ್ಟೂರಿನ ನನ್ನ ತವರು ಮನೆಯಲ್ಲಿ, ದೇವರ ಜಗಲಿಯ ಕೆಳಗಿನ ಪೆಟ್ಟಿಗೆಯೊಳಗೆ ಒಂದು ವರಹ ಇದೆ. ಹಳೆಯ ಕಾಲದ ಬಂಗಾರದ ನಾಣ್ಯ, ಅಂಗಿಯ ಗುಂಡಿಯಷ್ಟು ದೊಡ್ಡದು. ಒಂದು ಬದಿಯಲ್ಲಿ ಶಿವ ಪಾರ್ವತಿಯರು ಜೊತೆಯಾಗಿ ಕೂತಿದ್ದಾರೆ. ಇನ್ನೊಂದು ಬದಿಯಲ್ಲಿ ಮೂರು ಸಾಲು ನಾಗರಿ ಅಕ್ಷರ ಇರಬೇಕು. ಮನೆಯಲ್ಲಿ ಗಂಡುಮಗು ಹುಟ್ಟಿದರೆ, ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾದವಳು ಪಡಸಾಲೆಯಲ್ಲಿ ಎಲ್ಲರೆದುರು ಕೂರುತ್ತಾಳೆ. ಸಾಣೆಕಲ್ಲಿನ ಮೇಲೆ ಜೇನುತುಪ್ಪ ಬಿಟ್ಟು ಮೊದಲು ಬಜೆಯ ಬೇರು ತೇಯುತ್ತಾಳೆ, ಆಮೇಲೆ ವರಹದ ದೇವರ ಬದಿಯನ್ನು ಅದೇ ಕಲ್ಲಿಗೆ ತೇಯುತ್ತಾಳೆ, ತೇದದ್ದನ್ನು ಬೆರಳಲ್ಲಿ ತೆಗೆದು ಕೂಸಿನ ನಾಲಿಗೆಗೆ ಹಚ್ಚುತ್ತಾಳೆ. ಬಜೆಯಿಂದ ಮಾತು ಬೇಗ ಬರುತ್ತದೆ, ಬಂಗಾರದಿಂದ ಆ ಮಾತಿಗೆ ತೂಕ ಬರುತ್ತದೆ ಎಂಬುದು ನಂಬಿಕೆ. ಹೀಗೆ ತಲೆಮಾರುಗಟ್ಟಲೆ ತೇದು ತೇದು ಈಗ ಶಿವನಿಗೆ ಮೂಗಿಲ್ಲ, ಪಾರ್ವತಿಗೆ ಮುಖವೇ ಇಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೂರು ಹೊತ್ತು ವಿಭೂತಿ ಹಚ್ಚುವ ಜನ ಅದೇ ಶಿವನನ್ನು ಜೇನುತುಪ್ಪದಲ್ಲಿ ಅದ್ದಿಕೊಂಡು ಮುಗಿಸಿದ್ದಾರೆ.

ಹೆಣ್ಣುಕೂಸಿಗೆ ಬಜೆ ಮಾತ್ರ, ಬಂಗಾರ ಇಲ್ಲ. ಹೆಣ್ಣು ನಾಳೆ ಇನ್ನೊಬ್ಬರ ಮನೆ ಸೇರುವವಳು, ಅವಳ ಹೊಟ್ಟೆಯಲ್ಲಿ ನಮ್ಮ ಬಂಗಾರ ಯಾಕೆ ಹೊರಗೆ ಹೋಗಬೇಕು ಎಂಬ ಲೆಕ್ಕಾಚಾರ. ಕಣ್ಣಿಗೆ ಕಾಣದಷ್ಟು ಬಂಗಾರಕ್ಕೆ ಇಷ್ಟು ದೊಡ್ಡ ಕಾವಲು. ಇದರಿಂದಲೇ ನಮ್ಮ ಮನೆಗೆಂದು ಒಂದು ಮಾತು ಹುಟ್ಟಿಕೊಂಡಿತು. ಹೆಂಗಸರು ಬಾಯಿ ತೆಗೆದರೆ ಸಾಕು, 'ಬಂಗಾರ ಮುಟ್ಟದ ಬಾಯಿ, ಸುಮ್ಕಿರು' ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಅದೇ ಉತ್ತರ, ಪಕ್ಕದವನು ಹೊಲದ ಬದು ಒತ್ತುತ್ತಿದ್ದಾನೆ ಎಂದರೂ ಅದೇ ಉತ್ತರ. ಬದುವನ್ನು ಅವನು ನಿಜವಾಗಿಯೂ ಒತ್ತಿದ. ಗಂಡಸರಿಗೆ ಅದು ತಿಳಿಯುವಷ್ಟರಲ್ಲಿ ಅಲ್ಲಿ ಅವನ ಬೇವಿನ ಗಿಡ ನೆರಳು ಕೊಡುತ್ತಿತ್ತು.

ಬಂಗಾರ ತಿಂದವರ ಮಾತಿನ ತೂಕವನ್ನೂ ಹೇಳಬೇಕು. ದೊಡ್ಡಪ್ಪನ ಹಿರಿಯ ಮಗ ಹತ್ತನೇ ತರಗತಿಯ ಬಾಗಿಲಲ್ಲಿ ವರ್ಷಗಟ್ಟಲೆ ನಿಂತು ಕೊನೆಗೂ ಒಳಗೆ ಹೋಗದೆ ತಿರುಗಿ ಬಂದ. ಕಿರಿಯವನು ಈಗ ದೊಡ್ಡಪ್ಪನ ಅಡತಿ ಅಂಗಡಿಯಲ್ಲಿ ಕೂರುತ್ತಾನೆ. ಶೇಂಗಾ ತಂದವರ ಜೊತೆ ಅವನು ಎರಡು ಮಾತಾಡಿದರೆ ಅವರು ಚೀಲ ಎತ್ತಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಇಬ್ಬರ ನಾಲಿಗೆಗೂ ಬಂಗಾರ ಹಚ್ಚಿದವಳು ನನ್ನ ಸೋದರತ್ತೆ, ಅಂದರೆ ದೊಡ್ಡಪ್ಪನಿಗೂ ನನ್ನ ಅಪ್ಪನಿಗೂ ಒಬ್ಬಳೇ ತಂಗಿ. ತೇಯುವುದರಲ್ಲಿ ತನ್ನ ಕಡೆಯಿಂದ ಏನೂ ಕಮ್ಮಿಯಾಗಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ.

'ಬಂಗಾರ ಮುಟ್ಟದ ಬಾಯಿ' ಎಂಬ ಮಾತನ್ನು ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವಳು ಅವಳೇ. ಶಾಲೆಯಲ್ಲಿ ಅಣ್ಣಂದಿರಿಗಿಂತ ಮುಂದಿದ್ದವಳು. ಓದಿದ್ದು ಸಾಕು ಎಂದು ಅಜ್ಜ ಬಿಡಿಸಿದಾಗ ಹೊಸ್ತಿಲ ಮೇಲೆ ಕೂತು ವಾದ ಮಾಡಿದಳಂತೆ. ಅಜ್ಜ ಆ ಒಂದು ಮಾತು ಆಡಿ ಚಪ್ಪಲಿ ಮೆಟ್ಟಿಕೊಂಡು ಸಂತೆಗೆ ಹೋದ. ಹರಪನಹಳ್ಳಿಗೆ ಕೊಟ್ಟು ಮದುವೆ ಮಾಡುವಾಗ ಹುಡುಗ ನನಗೆ ಒಪ್ಪಿಗೆಯಿಲ್ಲ ಎಂದಳು, ಆಗಲೂ ಅದೇ ಮಾತು. ಅಣ್ಣಂದಿರು ಅದನ್ನು ತಮಾಷೆಗೆ ಆಡುತ್ತಿದ್ದರು, ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಒಮ್ಮೆ ಮಾಳಿಗೆಯ ಮೇಲೆ ಇಬ್ಬರೂ ಹಪ್ಪಳ ಒಣಗಿಸುತ್ತಿದ್ದಾಗ ನನಗೆ ಹೇಳಿದಳು, "ಗಂಡಸರದು ಬಿಡು, ಅವರ ಬುದ್ಧಿ ಗೊತ್ತಿದ್ದದ್ದ. ಅವ್ವಗರ ನಾ ಬೇಕಾಗಿದ್ದೆನೋ ಇಲ್ಲೋ ಅನ್ನೋದು ಮಾತ್ರ ಹೊಟ್ಟಿ ಸುಡತೈತಿ." ಆಗ ಅವಳಿಗೆ ಮೊಮ್ಮಕ್ಕಳಿದ್ದರು. ಇಷ್ಟು ವಯಸ್ಸಾದ ಮೇಲೂ ಒಬ್ಬ ಹೆಂಗಸು ತನ್ನ ತಾಯಿಯ ಬಗ್ಗೆ ಈ ಪ್ರಶ್ನೆ ಕೇಳಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಹಪ್ಪಳ ಮಗುಚಿದೆ.

ಈಗ ಡಾಕ್ಟರುಗಳು ಕೂಸಿಗೆ ತಾಯಿಯ ಹಾಲು ಬಿಟ್ಟು ಬೇರೇನೂ ಮುಟ್ಟಿಸಬೇಡಿ ಎನ್ನುತ್ತಾರೆ. ಸೊಸೆಯಂದಿರು ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಹೀಗಾಗಿ ವರಹಕ್ಕೆ ಕೆಲಸ ಇಲ್ಲದಾಯಿತು, ಅಂಗಡಿಯನ್ನು ಮಗನಿಗೆ ಬಿಟ್ಟಿದ್ದ ದೊಡ್ಡಪ್ಪನಿಗೂ ಕೆಲಸ ಇರಲಿಲ್ಲ. ಆ ಹೊತ್ತಿಗೆ ಮೊಮ್ಮಗ ಅವನ ಕೈಗೆ ಮೊಬೈಲು ಕೊಟ್ಟ. ಹಳೆಯ ನಾಣ್ಯಗಳ ಬಗ್ಗೆ ಕೂಗಿ ಕೂಗಿ ಹೇಳುವ ವಿಡಿಯೋಗಳನ್ನು ದೊಡ್ಡಪ್ಪ ಊಟದ ತಟ್ಟೆ ಮುಂದಿಟ್ಟುಕೊಂಡು ನೋಡತೊಡಗಿದ. ನಾಣ್ಯಗಳಿಗೆ ದರ್ಜೆ ಎಂಬುದೊಂದಿದೆ, ಬಲ್ಲವರು ನೋಡಿ ಬರೆದುಕೊಡುತ್ತಾರೆ, ಆಮೇಲೆ ಅದನ್ನು ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಮುಚ್ಚಿ ಇಡುತ್ತಾರೆ ಎಂದು ಅವನಿಗೆ ತಿಳಿಯಿತು. ಇಟ್ಟಿಗಿಯಲ್ಲಿರುವ ನಮ್ಮ ಬೀಗರು ತಮ್ಮ ಬೆಳ್ಳಿ ರೂಪಾಯಿಗೆ ಹಾಗೆ ಬರೆಸಿದ್ದಾರೆ ಎಂಬುದೂ ಕಿವಿಗೆ ಬಿತ್ತು. ಅಂದಿನಿಂದ ದೊಡ್ಡಪ್ಪನಿಗೆ ನಿದ್ದೆ ಹತ್ತಲಿಲ್ಲ. ನಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಪಾಳೇಗಾರನೇ ಕೈಯಾರೆ ಕೊಟ್ಟ ವರಹ ಅದು ಎಂದು ಸುದ್ದಿ ಹಬ್ಬಿಸಿದ. ಯಾಕೆ ಕೊಟ್ಟ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಿದ್ದ. ಮೆಡಿಕಲ್ ಶಾಪಿನಿಂದ ರಬ್ಬರಿನ ಕೈಗವಸು ತರಿಸಿದ. ಬರಿಗೈಯಲ್ಲಿ ಯಾರೂ ಮುಟ್ಟಕೂಡದು, ದರ್ಜೆ ಬಿದ್ದುಹೋಗುತ್ತದೆ ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ. ಕಲ್ಲಿಗೆ ತಿಕ್ಕಿ ತಿಕ್ಕಿ ತಿಂದ ಮೇಲೆ ಕೈಗವಸು!

ದರ್ಜೆ ಬರೆಯಲು ಹರಪನಹಳ್ಳಿಯಿಂದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರನ್ನು ಕರೆಸಿದರು. ನಾಣ್ಯ ಕೂಡಿಡುವ ಹವ್ಯಾಸದವರು, ಸುತ್ತಮುತ್ತ ತಾವೊಬ್ಬರೇ ಪರಿಣತರು ಎಂದು ತಾವೇ ಹೇಳಿಕೊಳ್ಳುವವರು. ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದಂತೆ. ಪದ್ಧತಿಯನ್ನು ವಿವರಿಸಲು ಸೋದರತ್ತೆ ಇದ್ದರೆ ಚೆನ್ನ ಎಂದು ದೊಡ್ಡಪ್ಪನಿಗೆ ಅನಿಸಿದ್ದರಿಂದ ಅತ್ತೆಗೂ ಕರೆ ಹೋಗಿತ್ತು. ನಾನು ಹಗರಿಬೊಮ್ಮನಹಳ್ಳಿಯಿಂದ ಕರೆಯದೆಯೇ ಹೋದೆ. ಇಂಥ ಮಜಾ ತಪ್ಪಿಸಿಕೊಳ್ಳುವ ಜಾಯಮಾನ ನನ್ನದಲ್ಲ.

ಪಡಸಾಲೆಯಲ್ಲಿ ಟೀಪಾಯಿ ಮೇಲೆ ಕಪ್ಪು ಬಟ್ಟೆ ಹಾಸಿ, ಮ್ಯಾನೇಜರರು ತಂದ ಪುಟ್ಟ ತಕ್ಕಡಿಯನ್ನೂ ಅಲ್ಲಿಟ್ಟರು. ಮ್ಯಾನೇಜರರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವರಹವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದರು. ಉಬ್ಬಿದ ಜಾಗಗಳನ್ನು ಮೊದಲು ನೋಡಬೇಕು, ಸವೆತ ಅಲ್ಲಿಂದಲೇ ಶುರುವಾಗುವುದು ಎಂದು ನಮಗೆ ಪಾಠ ಹೇಳಿದರು. ದೇವರ ಮಂಡಿ, ಎದೆ, ಕಿರೀಟ ಎಲ್ಲವನ್ನೂ ನೋಡಿ, ಪೆನ್ನು ಕೈಗೆತ್ತಿಕೊಂಡು, ಈ ಬದಿ 'ಗುಡ್' ಎಂದರು.

ದೊಡ್ಡಪ್ಪನ ಮುಖ ಅರಳಿತು. ಮಿರ್ಚಿ ಮಂಡಕ್ಕಿ ತರಲು ಮಗನನ್ನು ಓಡಿಸಿದ. ಇಟ್ಟಿಗಿ ಬೀಗರಿಗೆ ಅಲ್ಲಿಂದಲೇ ಫೋನು ಹಚ್ಚಿ, ನಮ್ಮದು ಗುಡ್ ಬಂದಿದೆ, ನಿಮ್ಮದು ಏನಿತ್ತು ಎಂದು ಕೇಳಿದ. ಅವರದು ವೆರಿ ಫೈನ್ ಅಂತೆ. ಗುಡ್ ದೊಡ್ಡದೋ ಫೈನ್ ದೊಡ್ಡದೋ ಎಂದು ಮ್ಯಾನೇಜರರನ್ನು ಕೇಳಿದಾಗ ಅವರು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೈ ಬದಲಾಗದ ಹೊಸ ನಾಣ್ಯ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಎಕ್ಸ್‌ಟ್ರೀಮ್ಲಿ ಫೈನ್, ವೆರಿ ಫೈನ್, ಫೈನ್, ಆಮೇಲೆ ವೆರಿ ಗುಡ್, ಅದಕ್ಕೂ ಕೆಳಗೆ ಗುಡ್. ಗುಡ್ ಎಂದರೆ ಇಂಥ ನಾಣ್ಯ ಎಂದು ಗುರುತು ಹತ್ತುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಉಳಿದಿಲ್ಲ ಎಂದರ್ಥ. ಕನ್ಯೆ ನೋಡಲು ಹೋದವರು ಹುಡುಗಿಯ ಸ್ವಭಾವ ಒಳ್ಳೆಯದು ಎಂದು ಹೇಳಿ ಬರುತ್ತಾರಲ್ಲ, ಆ ಜಾತಿಯ ಗುಡ್ ಇದು. ಫೋನು ಇನ್ನೂ ಚಾಲೂ ಇತ್ತು. ಬೀಗರು ಆ ಕಡೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು.

ದೊಡ್ಡಪ್ಪ ಬಿಡಲಿಲ್ಲ. ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ ಸವೆದದ್ದಲ್ಲ ಇದು, ನಮ್ಮ ವಂಶದ ಗಂಡುಮಕ್ಕಳ ನಾಲಿಗೆಗೆ ಹೋಗಿ ಸವೆದದ್ದು, ಇದಕ್ಕೆ ಬೇರೆಯೇ ದರ್ಜೆ ಬೇಕು ಎಂದು ಹಟ ಹಿಡಿದ. ಅತ್ತೆಯನ್ನು ಕರೆದು ತೇಯುವ ಬಗೆ ಹೇಳಿಸಿದ. ಅವಳು ಬಜೆ, ಜೇನು, ಕಲ್ಲು ಎಂದು ಮೂರು ಮಾತಲ್ಲಿ ಹೇಳಿ ಮುಗಿಸಿದಳು. ಮ್ಯಾನೇಜರರಿಗೆ ಇದು ಖುಷಿ ಕೊಟ್ಟಿತು. ಹೌದು, ಅಂಚು ಚೂಪಾಗಿಯೇ ಇದೆ, ಚಲಾವಣೆಯಲ್ಲಿ ಸವೆದಿದ್ದರೆ ಅಂಚು ಮೊದಲು ಹೋಗಬೇಕಿತ್ತು, ಇದು ಉಜ್ಜಿದ ಸವೆತವೇ ಎಂದು ಒಪ್ಪಿದರು. ಹಾಗೆನ್ನುತ್ತ ವರಹವನ್ನು ಮಗುಚಿ ಹಾಕಿದರು.

ಹಿಂಬದಿಯಲ್ಲಿ ಏನೂ ಇರಲಿಲ್ಲ. ಮೂರು ಸಾಲು ಅಕ್ಷರದಲ್ಲಿ ಕೆಳಗಿನ ಸಾಲಿನ ಎರಡು ಗೀಟು ಉಳಿದಿದ್ದವು, ಮಿಕ್ಕದ್ದೆಲ್ಲ ಬೋಳು. ಈ ಬದಿಗೆ ಗುಡ್ ಕೂಡ ಬರೆಯಲಾಗದು ಎಂದು ಮ್ಯಾನೇಜರರು ತಲೆ ಅಲ್ಲಾಡಿಸಿದರು. ನಮ್ಮ ಗಂಡಸರು ಈ ಬದಿಯನ್ನು ಎಂದೂ ನೋಡಿಯೇ ಇರಲಿಲ್ಲ. ಅವರೆದುರು ವರಹ ಹೊರಗೆ ಬಂದಾಗಲೆಲ್ಲ ದೇವರು ಮೇಲೆ, ಅಕ್ಷರ ಕೆಳಗೆ, ತೇಯುವಾಗ ಅಕ್ಷರ ತೇಯುವವಳ ಬೆರಳಡಿ. ಹಿಂದೆ ಏನಿದೆ ಎಂದು ತಿರುಗಿಸಿ ನೋಡುವ ಕುತೂಹಲ ಬಂಗಾರ ತಿಂದ ಒಬ್ಬರಿಗೂ ಬಂದಿರಲಿಲ್ಲ.

ಪದ್ಧತಿಯಲ್ಲಿ ಈ ಬದಿಯನ್ನೂ ತೇಯುತ್ತೀರಾ ಎಂದು ಮ್ಯಾನೇಜರರು ಕೇಳಿದರು. ದೇವರ ಬದಿ ಮಾತ್ರ ಎಂದ ದೊಡ್ಡಪ್ಪ. ಹಾಗಾದರೆ ಯಾರೋ ಗುಟ್ಟಾಗಿ ಬಂಗಾರ ಕೆರೆದುಕೊಂಡಿದ್ದಾರೆ, ಹಿಂದಿನ ಕಾಲದಲ್ಲಿ ಇಂಥ ಕಳವು ಬಹಳ ಇತ್ತು, ಎದುರಿಗೆ ಕಾಣಬಾರದೆಂದು ಹಿಂಬದಿಯಿಂದ ತೆಗೆದಿದ್ದಾರೆ ಎಂದು ಅವರು ತೀರ್ಪು ಕೊಟ್ಟರು. ಬ್ಯಾಂಕಿನವರಲ್ಲವೇ, ಏನಾದರೂ ಕಮ್ಮಿ ಬಿದ್ದರೆ ಕಳವೆಂದೇ ತೋಚುತ್ತದೆ.

ದೊಡ್ಡಪ್ಪ ಬಗ್ಗಿ ಆ ಬೋಳು ಬದಿಯನ್ನು ನೋಡಿದ. ಆಮೇಲೆ ತನ್ನ ಹೆತ್ತ ತಾಯಿಯ ಹೆಸರು ತೆಗೆದ. "ಪೆಟಗಿ ಕೀಲಿ ಅವ್ವನ ಸೊಂಟದಾಗ ಇರ್ತಿತ್ತು. ಉಜ್ಜಿನಿ ತವರಿಗೆ ಆಕಿ ಏನೇನು ಸಾಗಿಸ್ಯಾಳೋ, ಈಗ ಗೊತ್ತಾತು ನೋಡು." ಅವಳು ತೀರಿಹೋಗಿ ಎಷ್ಟೋ ವರ್ಷವಾಗಿದೆ. ಇದೇ ದೊಡ್ಡಪ್ಪ ಅವಳ ಪಟಕ್ಕೆ ದಿನಾ ಹೂವು ಏರಿಸುತ್ತಾನೆ. ಹೊರಗಿನ ಮನುಷ್ಯನೊಬ್ಬ ಮಸೂರ ಹಿಡಿದು ಒಂದು ಮಾತು ಹೇಳಿದ ಕೂಡಲೇ ತಾಯಿಯನ್ನು ಕಳ್ಳಿ ಮಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಮಂಡಕ್ಕಿಯ ತಟ್ಟೆ ಎತ್ತಿ ಅವನ ಮೇಲೆ ಸುರಿಯಬೇಕು ಅನಿಸಿತು.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಎದ್ದು ಬಂದು ಟೀಪಾಯಿಯ ಮುಂದೆ ಕೂತಳು. ಕೈಗವಸು ಗಿವಸು ಏನೂ ಇಲ್ಲದೆ ವರಹವನ್ನು ಬರಿಗೈಯಲ್ಲಿ ಎತ್ತಿಕೊಂಡಳು.

"ಅವ್ವನ ಹೆಸರು ತಗೀಬ್ಯಾಡಣ್ಣ. ಈ ಬದಿ ತೇದಾಕಿ ನಾನು."

ನನ್ನ ತಾಯಿಗೆ ತವರಿರಲಿಲ್ಲ, ನಾನೂ ನನ್ನ ತಂಗಿಯೂ ಹುಟ್ಟಿದ್ದು ಆ ಮನೆಯಲ್ಲೇ. ತೊಟ್ಟಿಲಿಗೆ ಹಾಕಲು ಬಂದ ಅತ್ತೆ ಎರಡು ಸಲವೂ ಬೆಳ್ಳಿ ಬಟ್ಟಲು ಬೇಕೆಂದು ಅಜ್ಜಿಯ ಹತ್ತಿರ ಪೆಟ್ಟಿಗೆಯ ಕೀಲಿ ಇಸಿದುಕೊಂಡಳಂತೆ. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವುದಿಲ್ಲ. ಅಲ್ಲಿ ಬಾಗಿಲು ಹಾಕಿಕೊಂಡು, ದೇವರ ಬದಿ ತೇದರೆ ಗುರುತು ಸಿಕ್ಕೀತೆಂದು ಹಿಂಬದಿಯನ್ನು ತೇದು, ನಮ್ಮ ನಾಲಿಗೆಗೆ ಹಚ್ಚಿದಳಂತೆ. ತನ್ನ ಬಾಯಿಗೆ ಬೀಳದ್ದು ಈ ಹುಡುಗಿಯರ ಬಾಯಿಗಾದರೂ ಬೀಳಲಿ ಎಂದುಕೊಂಡೆ ಎಂದಳು. ನಾನು ಅಲ್ಲೇ ನಿಂತು, ತಿಳಿಯದೆ, ನಾಲಿಗೆಯಿಂದ ನನ್ನ ಅಂಗುಳ ಮುಟ್ಟಿ ನೋಡಿಕೊಂಡೆ. ಇಷ್ಟು ವರ್ಷ ನಾನು ಕೇಳಿಸಿಕೊಂಡ ಆ ಮಾತು ಶುದ್ಧ ಸುಳ್ಳಾಗಿತ್ತು.

ಮ್ಯಾನೇಜರರಿಗೆ ತಮ್ಮ ಕಳವಿನ ತೀರ್ಪು ಕೈಬಿಟ್ಟುಹೋಗುವುದು ಹಿಡಿಸಲಿಲ್ಲ. ವರಹವನ್ನು ಮತ್ತೆ ಇಸಿದುಕೊಂಡು ಮಸೂರದಡಿ ಹಿಡಿದರು. ಈಚಿನ ಗೀರುಗಳು ನಾಲ್ಕಾರು ಇವೆ, ಅವು ಈ ತಾಯಿಯವರದು ಇರಬಹುದು ಎಂದರು. ಆದರೆ ಗೀರುಗಳ ಕೆಳಗಿನ ನುಣುಪು ಬಹಳ ಹಳೆಯದು. ಅಚ್ಚೊತ್ತಿ ಉಬ್ಬಿಸಿದ ಅಕ್ಷರ ಎರಡು ಸಲ ತೇದರೆ ಅಳಿಯುವಂಥದ್ದಲ್ಲ. ಎರಡೂ ಬದಿಯ ಗೀರುಗಳು ಒಂದೇ ಓರೆಯಲ್ಲಿವೆ, ಒಂದೇ ಬಗೆಯ ಕಲ್ಲಿನವು. ದೇವರ ಬದಿಯನ್ನು ಎಷ್ಟು ಕಾಲದಿಂದ ತೇದಿದ್ದಾರೋ ಹಿಂಬದಿಯನ್ನೂ ಅಷ್ಟೇ ಕಾಲದಿಂದ ತೇದಿದ್ದಾರೆ, ಇನ್ನೂ ಹೆಚ್ಚು ಸಲ ತೇದಿದ್ದಾರೆ. ಹೇಳಿದ್ದು ಇಷ್ಟೇ. ತಾವು ಏನು ಹೇಳಿದೆವು ಎಂಬುದು ಅವರಿಗೆ ಗೊತ್ತಾಗಲಿಲ್ಲ, ಕರವಸ್ತ್ರದಿಂದ ಮಸೂರ ಒರೆಸತೊಡಗಿದರು.

ಅತ್ತೆಗೆ ಗೊತ್ತಾಯಿತು. "ನಾ ತೇಯೋ ಹೊತ್ತಿನಾಗೂ ಅದು ನುಣ್ಣಗ ಇತ್ತು," ಎಂದಳು, ಯಾರಿಗೂ ಅಲ್ಲ. "ವರಹದ ಬೆನ್ನು ಇರೋದ ಹಂಗ ಅನಕೊಂಡಿದ್ದೆ."

ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗಂಡಿಗಿಂತ ಹೆಣ್ಣು ಹುಟ್ಟಿದ್ದೇ ಹೆಚ್ಚು. ಗಂಡು ಹುಟ್ಟಿದಾಗ ಪಡಸಾಲೆಯಲ್ಲಿ ಶಿವ ಸವೆದ, ಹೆಣ್ಣು ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಅಕ್ಷರ ಸವೆದವು. ಕೀಲಿ ಇಟ್ಟುಕೊಂಡಿದ್ದ ಅಜ್ಜಿ ತನ್ನ ಈ ಮಗಳಿಗಾಗಿ ತೇದಳು, ಅಜ್ಜಿಯ ಅತ್ತೆ ತೇದಳು, ಅವರ ಹಿಂದಿನವರೂ ತೇದರು. ಪ್ರತಿಯೊಬ್ಬಳೂ ತಾನೊಬ್ಬಳೇ ಕದಿಯುತ್ತಿದ್ದೇನೆ ಎಂದುಕೊಂಡು ತೇದಿರಬೇಕು. ಶಾಲೆ ಬಿಡಿಸಿದ ಹುಡುಗಿಯರೆಲ್ಲ ಅಕ್ಷರ ತಿಂದವರು. ದೇವರನ್ನು ತಿಂದವರು ಹತ್ತನೇ ತರಗತಿಯ ಬಾಗಿಲಲ್ಲಿ ನಿಂತರು.

ದೊಡ್ಡಪ್ಪನಿಗೆ ಇಷ್ಟರಲ್ಲಿ ಒಂದೇ ಒಂದು ವಿಷಯ ತಲೆಗೆ ಹೋಗಿತ್ತು. "ಅಂದ್ರ ನಮ್ಮ ಮನಿ ಬಂಗಾರ ಅರ್ಧಕ್ಕಿಂತ ಜಾಸ್ತಿ ಹೊರಗ ಹೋಗೇತಿ ಅಂದಂಗಾತು," ಎಂದ.

"ಎಲ್ಲಿ ಹೋಗೇತಿ," ಎಂದಳು ಅತ್ತೆ. "ನಿನ್ನ ಎದುರಿಗೆ ಕುಂತೈತಿ. ತಕ್ಕಡಿ ತಂದಾರಲ್ಲ, ತೂಗ್ಸು."

ಅವಳ ಕಣ್ಣಲ್ಲಿ ನೀರಿತ್ತು. ಆದರೂ ಅವಳ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ದೊಡ್ಡಪ್ಪ ಅವಳ ಕಡೆ ನೋಡದೆ ಮ್ಯಾನೇಜರರ ಕಡೆ ತಿರುಗಿ, ಹಿಂಬದಿಯದು ಬಿಟ್ಟು ಮುಂದಿನ ಬದಿಯದಷ್ಟೇ ಬರೆದುಕೊಡಲು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಅದು ಬರುವುದಿಲ್ಲ, ಒಂದು ಬದಿಯ ನಾಣ್ಯ ಇರುವುದಿಲ್ಲ, ಇಂಥದ್ದನ್ನು ಡಬ್ಬಿಯಲ್ಲಿ ಮುಚ್ಚಿಕೊಡುವವರು ಮುಟ್ಟುವುದೂ ಇಲ್ಲ ಎಂದು ಅವರು ಹೇಳಿದರು. ಮಿರ್ಚಿ ಎರಡು ತಿಂದು ಹೊರಟರು. ಮಿಕ್ಕ ಮಿರ್ಚಿಯನ್ನು ದೊಡ್ಡಪ್ಪ ಒಬ್ಬನೇ ತಿಂದ.

ಅತ್ತೆಯನ್ನು ಬಿಟ್ಟುಬರಲು ನಾನೂ ಹರಪನಹಳ್ಳಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತವಳು ಊರು ದಾಟುವ ತನಕ ತನ್ನಷ್ಟಕ್ಕೆ ನಗುತ್ತಿದ್ದಳು. ಟಿಕೆಟ್ ಕೊಡಲು ಬಂದ ಕಂಡಕ್ಟರನನ್ನೂ ಊಟ ಆಯಿತೇ ಎಂದು ವಿಚಾರಿಸಿದಳು. ಮೆಕ್ಕೆಜೋಳದ ಹೊಲಗಳು ಶುರುವಾಗುವಷ್ಟರಲ್ಲಿ ಆ ನಗು ಹೋಗಿತ್ತು. ಸಿಟ್ಟು ಬಂದಿತ್ತು. ಅಜ್ಜ ಆ ಮಾತು ಆಡುವಾಗ ತನ್ನ ಅವ್ವ ಅಲ್ಲೇ ಒಲೆಯ ಮುಂದೆ ಕೂತು ಕೇಳುತ್ತಿದ್ದಳು, ಅಣ್ಣಂದಿರು ಆಡುವಾಗಲೂ ಕೇಳುತ್ತಿದ್ದಳು, ತಾನು ಅಳುತ್ತ ಬಂದು ಅವಳ ತೊಡೆಯ ಮೇಲೆ ಬಿದ್ದಾಗಲೂ ತಲೆ ಸವರಿದಳೇ ಹೊರತು ಬಾಯಿ ಬಿಡಲಿಲ್ಲ ಎಂದಳು. ಗುಟ್ಟಾಗಿಯಾದರೂ ಹೇಳಬಹುದಿತ್ತು. ಅದೊಂದು ಮಾತು ಹೇಳಿದ್ದರೆ ತಾನು ಜೀವಮಾನವೆಲ್ಲ ಹೊಟ್ಟೆಯಲ್ಲಿ ಆ ಬೆಂಕಿ ಇಟ್ಟುಕೊಳ್ಳುತ್ತಿರಲಿಲ್ಲ. ಎಂಥ ಕಲ್ಲು ಮನಸ್ಸಿನ ತಾಯಿ ಎಂದು ಬೈದಳು. ಬಂಗಾರ ಕೊಟ್ಟದ್ದಕ್ಕಿಂತ ಹೇಳದೆ ಹೋದದ್ದೇ ಈಗ ಅವಳಿಗೆ ದೊಡ್ಡದಾಗಿ ಕಾಣುತ್ತಿತ್ತು.

 ದೊಡ್ಡಪ್ಪ ಆ ಮಾತಿನಿಂದ ನನ್ನ ಬಾಯಿಯನ್ನೂ ಎಷ್ಟು ಸಲ ಮುಚ್ಚಿಸಿದ್ದಾನೋ ಲೆಕ್ಕವಿಲ್ಲ. ಅದರಲ್ಲಿ ಎಷ್ಟೋ ಸಲ ಅತ್ತೆ ಅಲ್ಲೇ ಇದ್ದಳು.

"ನನಗ ನೀನೂ ಹೇಳಲಿಲ್ಲಲ್ಲತ್ತಿ," ಎಂದೆ.

ಅವಳಿಗೆ ಉತ್ತರ ಹುಡುಕಬೇಕಾಗಲಿಲ್ಲ. "ನಿನಗ ಹೇಳಿದ್ರ ನೀ ಅವತ್ತ ಪಡಸಾಲ್ಯಾಗ ನಿಂತು ಒದರತಿದ್ದಿ. ಗಂಡಸರು ಕೀಲಿ ಕಸ್ಕೊಂತಿದ್ರು. ಮುಂದ ಹುಟ್ಟೋ ಹುಡುಗಿಗೆ ಏನು ತೇಯಬೇಕಿತ್ತು?"

 ನನ್ನ ಮುಖ ನೋಡಿದಳು. ತನ್ನ ಬಾಯಿಂದ ಈಗ ಬಂದದ್ದು ಯಾರ ಉತ್ತರ ಎಂದು ಅವಳಿಗೆ ಗೊತ್ತಾಗಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅವ್ವಾ," ಎಂದು ಬಿಕ್ಕಿದಳು. ಹರಪನಹಳ್ಳಿ ಬರುವವರೆಗೆ ನಾನು ಅವಳ ಕೈ ಬಿಡಲಿಲ್ಲ.